ನಾಲ್ಕು ಅಂಕಿಯ ಬೀಗ

ಇದನ್ನು ತಿಳಿದವರು ಹೇಳಬೇಕಿತ್ತು. ನಾನು ಹೇಳಹೊರಟಿದ್ದೇನೆ, ಕ್ಷಮಿಸಿ.

"ಲಾಕ್ ನಂಬರ್ ಬೋಲೋ, ಜಲ್ದಿ!" ಎಂದು ಬೀಗದ ಅಂಕಿ ಕೇಳಿತು ಫೋನಿನೊಳಗಿನ ದನಿ.

ಚಂಪಾ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಳು. ವಡಾಲದ ಆ ಬಿಲ್ಡಿಂಗಿಗೆಲ್ಲ ಇದ್ದದ್ದು ಕೌಸಲ್ಯಾ ಆಂಟಿಯ ಮನೆಯ ಒಂದೇ ಫೋನು. ಯಾರಿಗೆ ಕರೆ ಬಂದರೂ ಮೂರು ಮಹಡಿ ಓಡಿ ಕರೆತರುವವಳು ಪಕ್ಕದ ಮನೆಯ ಹುಡುಗಿ ಚಂಪಾ. ಬೇರೆ ಊರಿಗೆ ಫೋನು ಮಾಡಲು ಮೊದಲು ನಾಲ್ಕು ಅಂಕಿ ಒತ್ತಿ ಬೀಗ ತೆಗೆಯಬೇಕಿತ್ತು. ಆಂಟಿ, ಅಂಕಲ್ ಬಿಟ್ಟರೆ ಆ ಅಂಕಿ ಗೊತ್ತಿದ್ದದ್ದು ಅವಳಿಗೆ ಮಾತ್ರ. ಈಗ ಆಂಟಿ ರೇಷನ್ನಿಗೆ ಹೋಗಿದ್ದರು.

"ಆಪ್ ಕೌನ್?" ನೀವು ಯಾರೆಂದು ಕೇಳಿದಳು.

"ಎಕ್ಸ್‌ಚೇಂಜ್ ಸೇ. ನಂಬರ್ ನಹೀ ದಿಯಾ ತೋ ಲೈನ್ ಕಾಟ್ ದೂಂಗಾ!"

ಬಾಗಿಲಲ್ಲಿ ಅದೇ ಬಿಲ್ಡಿಂಗಿನ ಸುಂದ್ರವ್ವ ಆಯಿ ಫೋನಿಗೆ ಕಾದು ಕೂತಿದ್ದರು. ಗುಲಬರ್ಗಾದಲ್ಲಿ ಮಗಳ ಹೆರಿಗೆ. ಅಳಿಯ ನಾಲ್ಕು ಗಂಟೆಗೆ ಫೋನು ಮಾಡುವವನಿದ್ದ. ಲೈನು ಹೋದರೆ?

"ಸಾತ್... ತೀನ್..." ಎಂದು ಎರಡು ಅಂಕಿ ಹೇಳಿದವಳು ತಟ್ಟನೆ ನಿಂತಳು. ಬೀಗ ಕೊಟ್ಟವರೇ ಎಕ್ಸ್‌ಚೇಂಜಿನವರು. ಅವರಿಗೆ ನಮ್ಮ ಅಂಕಿ ಯಾಕೆ ಬೇಕು?

"ಅಂಕಲ್ ಸಾತ್ ಬಜೇ ಆಯೇಂಗೆ. ಆಪ್‌ಕಾ ನಂಬರ್ ದೋ, ವೋ ಫೋನ್ ಕರೇಂಗೆ." ಏಳಕ್ಕೆ ಬರುವ ಅಂಕಲ್ಲೇ ಫೋನು ಮಾಡಲಿ ಎಂದು ಅವನ ನಂಬರನ್ನೇ ಕೇಳಿದಳು.

ಆ ಕಡೆ ಟಕ್ಕೆಂದು ಫೋನಿಟ್ಟರು.

"ನಮ್ಮ ಅಳಿಯನೇನವ್ವಾ?"

"ಅಲ್ಲಬೇ ಆಯಿ. ಯಾವನೋ ಲೈನ್ ಕಟ್ ಮಾಡ್ತೀನಂತಾನ."

ಚಂಪಾ ರಿಸೀವರ್ ಎತ್ತಿ ನೋಡಿದಳು. ಡಯಲ್ ಟೋನ್ ಇತ್ತು. ಮತ್ತೆ ಎತ್ತಿದಳು. ಮೂರನೇ ಸಲ ಆಯಿ ಗದರಿದರು: "ಹಿಂಗ ಎತ್ತಿ ಎತ್ತಿ ನೋಡಿದ್ರ ಅಂವಂದು ಫೋನು ಹ್ಯಾಂಗ ಬರಬೇಕ?"

ನಾಲ್ಕೂ ಹತ್ತಕ್ಕೆ ಫೋನು ರಿಂಗಾಯಿತು. ಅಳಿಯನದೇ.

"ಹೆಣ್ಣು ಕೂಸಂತ!" ಎಂದು ಆಯಿ ಕೂಗಿದ್ದು ಕೆಳಗಿನ ಮಹಡಿಗೂ ಕೇಳಿಸಿತು.

ಸಂಜೆ ಸತ್ಯಮೂರ್ತಿ ಅಂಕಲ್ ಬಂದರು. ಚಂಪಾ ಎಲ್ಲ ಹೇಳಿದಳು, ಬಾಯಿ ತಪ್ಪಿದ ಎರಡು ಅಂಕಿಯನ್ನೂ.

"ನನಗ ಇನ್ನ ನಂಬರ್ ಹೇಳಬ್ಯಾಡ್ರಿ ಅಂಕಲ್."

"ಪೂರ್ತಿ ಹೇಳಿದ್ರೆ, ಕೆಳಗಿನ ಫೋನ್ ಡಬ್ಬೀಲಿ ವೈರ್ ಸಿಕ್ಕಿಸಿ ನಮ್ಮ ಲೈನಲ್ಲೇ ದುಬೈಗೆ ಮಾತಾಡೋರು. ಬಿಲ್ ನೋಡಿ ನಾನು ಹಾಸಿಗೆ ಹಿಡೀತಿದ್ದೆ," ಎಂದು ಅಂಕಲ್ ನಕ್ಕರು. "ನಿಲ್ಲಿಸಿದೆಯಲ್ಲ, ಮುಚ್ಚಿಡದೆ ಹೇಳಿದೆಯಲ್ಲ. ಹೊಸ ನಂಬರ್ ನೀನೇ ಹಾಕು. ಆಮೇಲೆ ನಮ್ಮ ಕಿವೀಲಿ ಹೇಳು."

"ನಮ್ಮನ್ನೂ ಆಪ್ ಕೌನ್ ಅಂತೀಯೇನೋ, ತಾಯಿ!" ಎಂದರು ಆಂಟಿ.

ಯಾರಿಗೂ ಕಾಣದಂತೆ ಬೆನ್ನು ತಿರುಗಿಸಿ ಚಂಪಾ ನಾಲ್ಕು ಅಂಕಿ ಒತ್ತಿದಳು.

"ನನಗರ ಹೇಳ ನನ್ನವ್ವ," ಎಂದರು ಆಯಿ.

"ನಿಮಗೂ ಇಲ್ಲಬೇ ಆಯಿ."

ಆಯಿ ಸಿಟ್ಟಾಗಲಿಲ್ಲ. ಅವಳ ಗಲ್ಲ ಹಿಂಡಿ ಬಾಯಿಗೆ ಸಕ್ಕರೆ ಹಾಕಿದರು. ಪ್ರೀತಿಯವರಿಗೂ ಇಲ್ಲ ಅನ್ನಬಹುದು ಎಂದು ಚಂಪಾಳಿಗೆ ಅಂದೇ ಗೊತ್ತಾದದ್ದು.

ಆ ಫೋನು ಮಾಡಿದವನು ಯಾರು? ಅವಳಿಗೆ ತಿಳಿಯಲಿಲ್ಲ. ನನಗೂ ಗೊತ್ತಿಲ್ಲ.