ಬೊಗಸೆ ನೀರಿನ ಸಭೆ, ಕಬ್ಬಿಣದ ಕುದುರೆ

ಬಹಳ ಹಿಂದೆ, ಬೆಟ್ಟಗಳಿಗಿನ್ನೂ ಮೀಸೆ ಮೂಡದ ಕಾಲದಲ್ಲಿ, ಕುಂಬಳನಾಡು ಎಂಬ ಪುಟ್ಟ ರಾಜ್ಯವಿತ್ತು. ಎಷ್ಟು ಪುಟ್ಟದೆಂದರೆ, ಅಲ್ಲಿನ ಹುಂಜ ಕೂಗಿದರೆ ಅಕ್ಕಪಕ್ಕದ ಎರಡು ರಾಜ್ಯಗಳಿಗೂ ಬೆಳಗಾಗುತ್ತಿತ್ತು. ಆ ಎರಡು ರಾಜ್ಯಗಳ ಯುದ್ಧ ಆಗಷ್ಟೇ ಮುಗಿದಿತ್ತು. ಮುಂದಿನದಕ್ಕೆ ಇನ್ನು ಒಂದೇ ವರ್ಷ.

ಯುದ್ಧದ ಹೊಗೆಯನ್ನೇ ಉಂಡು ಬದುಕುವ ಹೊಗೆಬಾಯಿ ಎಂಬ ಮಾಂತ್ರಿಕ, ನಾಡಿನ ನಡುವೆ ಕಬ್ಬಿಣದ ಕುದುರೆಯೊಂದನ್ನು ನಿಲ್ಲಿಸಿದ.

"ಬರುವ ಯುಗಾದಿಗೆ ಇದು ಕೆನೆಯುತ್ತದೆ. ಕೇಳಿದ ಹುಡುಗರೆಲ್ಲ ಪಕ್ಕದ ರಾಜರ ಯುದ್ಧಕ್ಕೆ ನಡೆಯುತ್ತಾರೆ," ಎಂದ.

ಬಿಡುಗಡೆಯ ದಾರಿಯಿಲ್ಲದ ಮಾಟ, ಅದನ್ನು ಮಾಡಿದವನನ್ನೇ ನುಂಗುತ್ತದೆ. ಅದಕ್ಕೇ ಒಂದು ದಾರಿ ಇಟ್ಟಿದ್ದ: ಅಷ್ಟರೊಳಗೆ ನಾಡಿನವರು ಸಭೆ ಸೇರಿ ಮೂರು ಸಲ ಒಕ್ಕೊರಲಿನಿಂದ ತೀರ್ಮಾನಕ್ಕೆ ಬಂದರೆ ಕುದುರೆ ಕರಗುತ್ತದೆ. ಹೇಳಿ ಹೊಟ್ಟೆ ಹಿಡಿದು ನಕ್ಕ. ಸೂರ್ಯ ಯಾವ ದಿಕ್ಕಿಗೆ ಹುಟ್ಟುತ್ತಾನೆ ಎಂಬುದಕ್ಕೂ ಆ ನಾಡಿನಲ್ಲಿ ಎರಡು ಪಕ್ಷವಿತ್ತು.

ಆ ನಗು ಹಾಲವ್ವನ ಎದೆಗೆ ಚುಚ್ಚಿತು. ಅವಳ ಅಣ್ಣ ಹಿಂದಿನ ಯುದ್ಧದಿಂದ ಮರಳಿರಲಿಲ್ಲ. ಈಗ ತಮ್ಮ ಕೊಟ್ರನ ಸರದಿ. ಹಾಲವ್ವ ಸಭೆಯಲ್ಲಿ ನೀರು ಹೊಯ್ಯುವವಳು. ಅಲ್ಲಿ ಮಾತಾಡುವವರು ಬೊಗಸೆಯಲ್ಲಿ ನೀರು ಹಿಡಿದೇ ಮಾತಾಡಬೇಕು. ನೀರು ಸೋರಿ ಮುಗಿದರೆ ಮಾತೂ ಮುಗಿಯಿತು. ನೀರಿರುವ ತನಕ ಮಾತಾಡುವವರೂ ನಿಲ್ಲಿಸುವಂತಿಲ್ಲ.

ಮಳೆಗಾಲದಲ್ಲಿ ಕೆರೆನೀರಿನ ಜಗಳ ಎದ್ದಿತು. ಮಾಂತ್ರಿಕನ ನೂರು ನಾಲಿಗೆಯ ಹಾವು ಬಂದು ಮೇಲ್ಕೇರಿಗೊಂದು, ಕೆಳಕೇರಿಗೊಂದು ಚಾಡಿ ಹೇಳಿತು.

"ಪಾಲು ಮೇಲ್ಕೇರಿಯವರು ಮಾಡಲಿ, ಯಾವ ಪಾಲು ಬೇಕೆಂದು ಕೆಳಕೇರಿಯವರು ಆರಿಸಲಿ," ಎಂದಳು ಹಾಲವ್ವ.

ತಾವೇ ಗೆದ್ದೆವೆಂದು ಎರಡೂ ಕೇರಿ ಹೂಂಗುಟ್ಟಿದವು. ಹಾವು ಎರೆಹುಳವಾಯಿತು. ಕುದುರೆಯ ಬಾಲ ಕರಗಿತು.

ಸುಗ್ಗಿಯಲ್ಲಿ ಸಂತೆ ಯಾವ ದಿನವೆಂಬ ಜಗಳ. ಮಾಂತ್ರಿಕನ ಎರಡು ತಲೆಯ ಹಕ್ಕಿ ಬಂತು. ಒಂದು ತಲೆ ಸೋಮವಾರ ಎಂದರೆ ಇನ್ನೊಂದು ಗುರುವಾರ ಎಂದು ಕುಕ್ಕಿತು.

"ಎರಡೂ ದಿನ ಸಂತೆ, ಎರಡೂ ದಿನ ಬೆಲ್ಲದ ಮಿಠಾಯಿ. ಬೇಡ ಅನ್ನೋ ಬಾಯಿ ಯಾವುದಪ್ಪಾ?" ಎಂದಳು ಹಾಲವ್ವ.

ಅಂಥ ಬಾಯಿ ಇರಲಿಲ್ಲ. ಹಕ್ಕಿಯ ಎರಡೂ ಕೊಕ್ಕು ಮಿಠಾಯಿಗೆ ಅಂಟಿಕೊಂಡವು. ಕುದುರೆ ಕತ್ತಿನವರೆಗೆ ಕರಗಿತು.

ಮೂರನೆಯದು, ನಾಡಗೌಡ ಯಾರಾಗಬೇಕು? ಮನೆಗೊಬ್ಬ ನಾನೇ ಎಂದು ಎದ್ದ. ಕೆಲವು ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಎದ್ದರು. ಯುಗಾದಿ ಹತ್ತಿರ ಬಂತು. ಹೊಗೆಬಾಯಿ ತಾನೇ ಸಭೆಗೆ ಬಂದು, "ಈ ನಾಡಿನ ನೀರು ಕುಡಿದವನು ನಾನೂ. ನನಗೂ ಮಾತಿದೆ," ಎಂದ.

"ಬೊಗಸೆ ಒಡ್ಡಯ್ಯ," ಎಂದಳು ಹಾಲವ್ವ.

ತೀರ್ಮಾನಕ್ಕೆ ಹೊತ್ತೇ ಸಿಗದಿರಲೆಂದು, ನೀರು ಸೋರದಂತೆ ಮಂತ್ರ ಹಾಕಿ ಮಾತಾಡಿದ ನೋಡಿ! ಕೇಳಿ ಕೇಳಿ ಎಮ್ಮೆಗಳು ಮೇವು ಬಿಟ್ಟವು. ತೊಟ್ಟಿಲ ಕೂಸುಗಳಿಗೆ ಹಲ್ಲು ಬಂತು. ಯುಗಾದಿ ಬೆಳಗಾದರೂ ಅವನ ತಾತನ ಮದುವೆಯ ಕಥೆಯೇ ಮುಗಿಯಲಿಲ್ಲ. ಅತ್ತ ಕುದುರೆ ಕೆನೆಯಲು ಬಾಯಿ ತೆರೆಯಿತು. ಕೊಟ್ರನ ಕಾಲುಗಳು ತಾವಾಗಿ ಅತ್ತ ತಿರುಗಿದವು.

"ಸಭೆಯವರೇ," ಎಂದಳು ಹಾಲವ್ವ, "ಈ ಮಾತು ಇನ್ನೂ ಬೇಕಾ?"

"ಸಾಕು, ಕೂತ್ಕೊಳ್ಳಯ್ಯ," ಎಂದರು ಮೇಲ್ಕೇರಿಯವರು, ಕೆಳಕೇರಿಯವರು, ಗಂಡ, ಹೆಂಡತಿ, ಎಲ್ಲರೂ ಒಂದೇ ಗಂಟಲಲ್ಲಿ. ಕೈ ಸೋತು, ನಿಲ್ಲಿಸಲೂ ಆಗದೆ ನರಳುತ್ತಿದ್ದ ಮಾಂತ್ರಿಕನೂ, "ಸಾಕಪ್ಪಾ ಸಾಕು," ಎಂದುಬಿಟ್ಟ.

ಅಲ್ಲಿಗೆ ಮೂರನೆಯ ಒಮ್ಮತವೂ ಆಯಿತು. ಕುದುರೆಯ ತಲೆ ಕರಗಿತು. ಹೊಗೆಬಾಯಿ ಹೊಗೆಯಾಗಿ ಯಾರದೋ ಹಂಚಿನ ಸಂದಿಯಿಂದ ಹಾರಿಹೋದ. ಕೊಟ್ರ ಆಕಳಿಸಿ, "ಅಕ್ಕಾ, ಹೋಳಿಗೆ ಆಯ್ತಾ?" ಎಂದ.

ಅಕ್ಕಪಕ್ಕದ ಆ ಇಬ್ಬರು ರಾಜರು ಕುದುರೆ ಕೆನೆಯಲೆಂದು ಕಾದು ಕಾದು, ಕತ್ತಿಗೆ ತುಕ್ಕು ಹಿಡಿದು, ಬೀಗರಾದರು. ಕುಂಬಳನಾಡಿನವರು ಮಕ್ಕಳು ಮರಿಗಳೊಂದಿಗೆ ಸುಖವಾಗಿದ್ದಾರೆ. ನಾಡಗೌಡ ಯಾರೆಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.