ಎಂಜಿನ್ ತಣಿಯುವಷ್ಟು ಹೊತ್ತು

ಎಲೆಕೋಸು ಹೇರಿಕೊಂಡ ಪುಟ್ಟ ಲಾರಿಯೊಂದು ಘಾಟಿಯ ಏರಿನಲ್ಲಿ ತನ್ನ ಕಾರನ್ನು ಹಿಂದೆ ಹಾಕಿದ ದಿನವೇ ಕುರೊಯಿವಾ ಚಿಗುಸಾ ಪಣ ತೊಟ್ಟಳು. ಹೋಗಲಿ, ಲಾರಿ ಓಡಿಸುತ್ತಿದ್ದವನಾದರೂ ಪ್ರಾಯದವನೇ? ಹಲ್ಲುದುರಿದ ತೊಕುಜಿ ತಾತ. ಮುಂದೆ ಹೋಗುವಾಗ ಕೈಬೀಸಿ ನಕ್ಕ ಬೇರೆ, ಅಯ್ಯೋ ಪಾಪ ಅನ್ನುವ ಹಾಗೆ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಬೆಟ್ಟದ ಮೇಲೆ ಬಿಸಿನೀರಿನ ಬುಗ್ಗೆಯ ವಸತಿಗೃಹದಲ್ಲಿ ಅವಳು ಅಡುಗೆಯವಳು. ದಿನಾ ಆ ಘಾಟಿ ಹತ್ತಲೇಬೇಕು. ಕಾರು ಸೆಕೆಂಡ್ ಹ್ಯಾಂಡ್, ಬಿಸಿಲಿಗೆ ಮಾಸಿದ ಕೆಂಪು ಬಣ್ಣ, ಏರು ಕಂಡರೆ ಮುಲುಕುವ ಎಂಜಿನ್. ಆದರೂ ಅವಳಿಗೆ ಅದೆಂದರೆ ಪ್ರಾಣ.

ಮರುದಿನ ಬೆಳಿಗ್ಗೆ ಊರಂಚಿನ ಗ್ಯಾರೇಜಿನಲ್ಲಿ ನಿಂತು, ನನ್ನ ಕಾರಿಗೆ ಎಂಜಿನ್ನಿನ ಬಲ ಹೆಚ್ಚಿಸುವ ಟರ್ಬೊ ಹಾಕಿಕೊಡಿ ಎಂದಳು. ಒಂದು ವ್ಯಾನಿನ ಕೆಳಗಿನಿಂದ ಮೊದಲು ಎರಡು ಬೂಟು, ಆಮೇಲೆ ಗ್ರೀಸ್ ಮೆತ್ತಿದ ಗಲ್ಲ, ಕೊನೆಗೆ ಎರಡು ಕಣ್ಣು ಹೊರಬಂದವು. ಆ ಕಣ್ಣು ನೋಡಿದ್ದೇ ತಡ, ಅವಳಿಗೆ ಮುಂದೆ ಹೇಳಬೇಕೆಂದುಕೊಂಡಿದ್ದೆಲ್ಲ ಮರೆತುಹೋಯಿತು.

"ಬೇಡ," ಅಂದ ಮೆಕ್ಯಾನಿಕ್ ಇಸೊಬೆ ಶೂಹೆ. "ಇಷ್ಟು ಓಡಿರೋ ಎಂಜಿನ್ನಿಗೆ ಟರ್ಬೊ ಹಾಕೋದು ಅಂದ್ರೆ ಅಜ್ಜಿನ ಕರ್ಕೊಂಡೋಗಿ ಓಟದ ಪಂದ್ಯದಲ್ಲಿ ನಿಲ್ಸಿದ ಹಾಗೆ."

"ನಮ್ಮಜ್ಜಿ ಗಟ್ಟಿಗಿತ್ತಿ. ಬೇಕಾದ್ರೆ ನಾಡಿ ಹಿಡಿದು ನೋಡಿ."

ಅವನು ನಗು ಬರದಂತೆ ತುಟಿ ಕಚ್ಚಿಕೊಂಡ. ಅದು ಅವಳ ಕಣ್ಣಿಗೆ ಬಿತ್ತು. ಇನ್ನು ಈ ಮನುಷ್ಯನನ್ನು ನಗಿಸದೆ ಬಿಡಬಾರದು ಅಂತ ಅಲ್ಲೇ ತೀರ್ಮಾನಿಸಿದಳು.

ನಿಜವಾಗಿಯೂ ನಾಡಿ ನೋಡಿದ. ಸಿಲಿಂಡರ್‌ಗಳ ಒತ್ತಡ ಅಳೆದು, ಹಿಂದಿನ ಯಜಮಾನ ಇದನ್ನು ಚೆನ್ನಾಗಿ ಸಾಕಿದ್ದಾನೆ ಅಂತ ಅರೆಮನಸ್ಸಿನಿಂದ ಒಪ್ಪಿಕೊಂಡ. ಆದರೆ ನೂರೆಂಟು ಷರತ್ತು. ಟರ್ಬೊ ಸಣ್ಣದೇ ಹಾಕುವುದು, ಒತ್ತಡ ಮಿತಿಯಲ್ಲೇ ಇಡುವುದು. ಆಯಿಲ್ ಬೇಗ ಬೇಗ ಬದಲಾಯಿಸಬೇಕು. ಎಂಜಿನ್ ಬಿಸಿಯಾಗುವ ಮುಂಚೆ ಜೋರು ಮಾಡುವ ಹಾಗಿಲ್ಲ. ಎಲ್ಲಕ್ಕಿಂತ ಮುಖ್ಯ, ಓಡಿ ಬಂದ ಕೂಡಲೇ ಕೀ ತಿರುಗಿಸಿ ಆಫ್ ಮಾಡುವ ಹಾಗಿಲ್ಲ. ಹೊಗೆಯ ಬಿಸಿಗೆ ಟರ್ಬೊ ಕೆಂಡವಾಗಿರುತ್ತದೆ, ಎಂಜಿನ್ ನಿಂತರೆ ಆಯಿಲ್ಲೂ ನಿಲ್ಲುತ್ತದೆ, ನಿಂತ ಆಯಿಲ್ ಒಳಗೇ ಸುಟ್ಟು ಕರಿ ಕಟ್ಟುತ್ತದೆ.

"ಎರಡು ಮೂರು ನಿಮಿಷ ಎಂಜಿನ್ ಸುಮ್ನೆ ಓಡೋಕೆ ಬಿಡಿ. ಹಾಗೆ ಮಾಡಿದ್ರೆ ಇನ್ನೂ ಹತ್ತು ವರ್ಷ ಬಾಳತ್ತೆ," ಅಂದ. "ಇಲ್ದಿದ್ರೆ ಮುಂದಿನ ಹಿಮ ಬೀಳೋದನ್ನ ನೋಡಲ್ಲ."

ಕಾರು ಸಿದ್ಧವಾಗಿ, ಸರ್ಕಾರಿ ತಪಾಸಣೆಯಲ್ಲಿ ಪಾಸಾಗಿ ಬರುವ ಹೊತ್ತಿಗೆ ಬೆಟ್ಟದ ತುಂಬ ಚೆರ್ರಿ ಹೂ ಅರಳಿ ಉದುರಿತ್ತು. ಮೊದಲ ಸಲ ಘಾಟಿ ಹತ್ತಿದಾಗ ಶೂಹೆ ಪಕ್ಕದಲ್ಲೇ ಕೂತಿದ್ದ. ಚಿಗುಸಾ ಕಾಲು ಅದುಮಿದಳು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಸಣ್ಣದೊಂದು ಸಿಳ್ಳೆ, ಅದರ ಹಿಂದೆಯೇ ಯಾರೋ ಬೆನ್ನಿಗೆ ಕೈಯಿಟ್ಟು ನೂಕಿದ ಹಾಗೆ ಕಾರು ಮುಂದಕ್ಕೆ ಚಿಮ್ಮಿತು. ಅವಳ ಹೊಟ್ಟೆಯೊಳಗಿಂದ ನಗು ಉಕ್ಕಿಬಂತು, ತಡೆಯಲಾಗಲಿಲ್ಲ. ತೊಕುಜಿ ತಾತನ ಲಾರಿ ಮುಂದೆ ಕಂಡಿತು, ಪಕ್ಕಕ್ಕೆ ಬಂತು, ಹಿಂದೆ ಬಿತ್ತು. ಅವಳು ಕೈಬೀಸುವುದನ್ನು ಮರೆಯಲಿಲ್ಲ.

ಕುಣಿದಾಡುವ ಖುಷಿಯಲ್ಲಿ ಪಕ್ಕಕ್ಕೆ ತಿರುಗಿದರೆ, ಮೀಟರ್ ನೋಡಬೇಕಾಗಿದ್ದ ಮೆಕ್ಯಾನಿಕ್ ಅವಳ ಮುಖವನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದವನು ತಕ್ಷಣ ಮೀಟರಿಗೆ ಮೂಗು ತಾಗುವಷ್ಟು ಬಗ್ಗಿದ. ಕಿವಿ ಮಾತ್ರ ಕೆಂಪಗೆ ಹೊರಗೇ ಉಳಿಯಿತು.

ಅವತ್ತು ಇಳಿದು ಬಂದು ಗ್ಯಾರೇಜಿನ ಮುಂದೆ ನಿಲ್ಲಿಸಿದಾಗ, "ಇಲ್ಲೂ ಆಫ್ ಮಾಡ್ಬೇಡಿ, ಸ್ವಲ್ಪ ಹೊತ್ತು ಬಿಡಿ," ಅಂದ. ದಿನಾ ಹೀಗೇ ಬಂದು ನಿಲ್ಲಿಸಿದರೆ ತಾನೂ ಶಬ್ದ ಕೇಳಿ ನೋಡಬಹುದು ಅಂತ ಸೇರಿಸಿದ.

ಅಂದಿನಿಂದ ಅದೊಂದು ಪದ್ಧತಿಯೇ ಆಯಿತು. ಸಂಜೆ ಅವಳು ಬಂದು ನಿಲ್ಲಿಸುವುದು, ಅವನು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಕಿಟಕಿಗೆ ಆತುಕೊಳ್ಳುವುದು. ಅವಳು ಕರಿದ ಬೆಟ್ಟದ ಸೊಪ್ಪನ್ನು ಕಟ್ಟಿ ತರುತ್ತಿದ್ದಳು. ಅವನು ತಾನೇ ಕಟ್ಟಿದ ಅನ್ನದುಂಡೆ ಕೊಡುತ್ತಿದ್ದ. ಉಂಡೆ ಗಾಲಿಯಷ್ಟು ಗಟ್ಟಿ ಎಂದು ಅವಳು ಹಂಗಿಸಿದಾಗ ಕೊನೆಗೂ ಅವನು ಬಾಯಿತುಂಬ ನಕ್ಕ. ಆ ಎರಡು ಮೂರು ನಿಮಿಷಕ್ಕೋಸ್ಕರ ಚಿಗುಸಾ ಇಡೀ ದಿನ ಸೌಟು ಆಡಿಸುತ್ತಿದ್ದಳು. ಎಲ್ಲಿ ಮುಗಿದುಹೋಗುತ್ತದೋ ಅಂತ ಮತ್ತೆ ಮತ್ತೆ ಕೈಗಡಿಯಾರ ನೋಡುತ್ತಿದ್ದಳು.

ಒಂದು ಸಂಜೆ ಅವನು ಕಾರು ಬಿಟ್ಟುಹೋಗಿ ಎಂದ. ಮಾರನೆಯ ದಿನ ನೋಡಿದರೆ ಸ್ಟೀರಿಂಗ್ ಪಕ್ಕದಲ್ಲಿ ಹಸಿರು ಅಂಕಿ ಮಿನುಗುವ ಪುಟ್ಟ ಪೆಟ್ಟಿಗೆ ಕೂತಿತ್ತು. ಟೈಮರ್ ಅಂತೆ. ಕೀ ಕಿತ್ತುಕೊಂಡರೂ ಎಂಜಿನ್ ಓಡುತ್ತಲೇ ಇದ್ದು, ಗೊತ್ತುಮಾಡಿದಷ್ಟು ಹೊತ್ತಾದ ಮೇಲೆ ತಾನಾಗಿಯೇ ನಿಲ್ಲುತ್ತದಂತೆ.

"ಇನ್ಮೇಲೆ ನೀವು ಕಾಯೋದು ಬೇಡ, ಕುರೊಯಿವಾ ಸಾನ್," ಅಂದ, ಎಂದಿನಂತೆ ಮನೆತನದ ಹೆಸರಿಗೆ ಗೌರವದ 'ಸಾನ್' ಸೇರಿಸಿ, ನೆಲ ನೋಡುತ್ತ. "ಇಲ್ಲಿಗೆ ಬರೋದೂ ಬೇಡ. ಆಯಿಲ್ ಬದಲಾಯಿಸೋಕೆ ಬಂದ್ರೆ ಸಾಕು."

ಬಾಗಿ ನಮಸ್ಕರಿಸಿ, ಉಪಕಾರವಾಯಿತು ಎಂದು ಹೊರಟುಬಂದಳು. ಮೊದಲ ತಿರುವಿನಲ್ಲೇ ಕಣ್ಣು ಮಂಜಾಯಿತು. ಇಷ್ಟು ದಿನ ತಾನು ಹಿಗ್ಗಿದ್ದೇ ಬಂತು, ಅವನಿಗೆ ಬರೀ ಎಂಜಿನ್ನಿನ ಚಿಂತೆ. ಆ ಪೆಟ್ಟಿಗೆ ತನ್ನನ್ನು ಸಾಗಹಾಕಲು ಕಂಡುಕೊಂಡ ಉಪಾಯ.

ಅಲ್ಲಿಂದ ಮುಂದೆ ವಸತಿಗೃಹದ ಅಂಗಳದಲ್ಲಿ ಕೀ ಕಿತ್ತುಕೊಂಡು ನಡೆಯುವಾಗ, ಖಾಲಿ ಕಾರು ಹಿಂದೆ ಒಂಟಿಯಾಗಿ ಗುನುಗುವುದು ಕೇಳಿದರೆ ಅವಳಿಗೆ ಅಳುವೇ ಬರುತ್ತಿತ್ತು. ಸಾರು ತಳ ಹಿಡಿಯಿತು. ಯಜಮಾನಿ ರುಚಿ ನೋಡಿ, ಇದಕ್ಕೂ ಟರ್ಬೊ ಹಾಕಿಸಿದೆಯೇನೇ ಎಂದು ಕೇಳಿದಳು.

ಅದೇ ವಾರ ಅಡುಗೆಮನೆಗೆ ಕೋಸು ಇಳಿಸಲು ಬಂದ ತೊಕುಜಿ ತಾತ, ಕಾರಿನೊಳಗೆ ಇಣುಕಿ ಟೈಮರ್ ನೋಡಿದ. ಒಳ್ಳೆಯದೇ, ಏರು ಹತ್ತಿ ಬಂದಾಗ ಬೇಕು ಎಂದ. ಕೆಳಗೆ ಗ್ಯಾರೇಜಿನ ಮುಂದೆಯೂ ದಿನಾ ಕಾಯುತ್ತಿದ್ದೆ ಎಂದು ಅವಳು ಹೇಳಿದ್ದಕ್ಕೆ ತಾತ ಬೊಚ್ಚುಬಾಯಿ ಬಿಟ್ಟುಕೊಂಡು ನೋಡಿದ.

"ಕೆಳಗೆ ಯಾಕಮ್ಮ? ಇಳಿಜಾರಲ್ಲಿ ಎಂಜಿನ್ನಿಗೆ ಏನು ಕೆಲ್ಸ? ಊರು ಮುಟ್ಟೋ ಹೊತ್ತಿಗೆ ಟರ್ಬೊ ತಣ್ಣಗಾಗಿರತ್ತೆ. ನನ್ನ ಲಾರಿಗೂ ಟರ್ಬೊ ಹಾಕಿದ್ದು ಆ ಗ್ಯಾರೇಜಿನ ಇಸೊಬೆನೇ. ನಂಗೆ ಒಂದಿನಾನೂ ಕಾಯೋಕೆ ಹೇಳ್ಲಿಲ್ವಲ್ಲ ಅವ್ನು."

ಚಿಗುಸಾಳ ಕೈಯಲ್ಲಿದ್ದ ಕೋಸು ಉರುಳಿಹೋಯಿತು. ಸಂಜೆಯವರೆಗೆ ಹೇಗೆ ತಡೆದುಕೊಂಡಳೋ ಅವಳಿಗೇ ಗೊತ್ತು. ಕೆಲಸ ಮುಗಿದದ್ದೇ ಏಪ್ರನ್ ಕೂಡ ಬಿಚ್ಚದೆ ಘಾಟಿ ಇಳಿದಳು. ತಾನು ಅಂದುಕೊಂಡದ್ದು ಸುಳ್ಳಾದರೆ ಇನ್ನು ಈ ಊರಲ್ಲಿ ತಲೆಯೆತ್ತಿ ಓಡಾಡುವ ಹಾಗಿಲ್ಲ.

ಶೂಹೆ ಹೊರಗೆ ಬಂದ. ಅವಳು ಅವನ ಕಣ್ಣೆದುರೇ ಎಂಜಿನ್ ಆಫ್ ಮಾಡಿದಳು. ಅವನು ತಡೆಯಲಿಲ್ಲ.

"ಇಳಿಜಾರಲ್ಲಿ ಬಂದ್ರೆ ಕಾಯೋದೇ ಬೇಡ್ವಂತೆ."

ಅವನ ಕಿವಿ ಕೆಂಪಾಯಿತು. "ಹೌದು."

"ಗೊತ್ತಿದ್ದೂ ನನ್ನನ್ನ ದಿನಾ ಯಾಕೆ ಕಾಯಿಸಿದ್ರಿ?"

ಅವನು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದ. "ನೀವು ಹೋಗೋದು ಬೇಡ ಅನ್ನಿಸ್ತಿತ್ತು. ಆದ್ರೆ ನೀವು ಗಡಿಯಾರ ನೋಡ್ತಾನೇ ಇರ್ತಿದ್ರಿ. ದಣಿದು ಬಂದವರನ್ನ ಸುಳ್ಳು ಹೇಳಿ ಹಿಡ್ಕೊಂಡಿದೀನಲ್ಲ ಅಂತ ನಾಚ್ಕೆ ಆಯ್ತು."

"ಮುಗಿದುಹೋಗತ್ತಲ್ಲ ಅಂತ ನೋಡ್ತಿದ್ದೆ, ದಡ್ಡ." ಅವಳಿಗೆ ನಗು ಬಂತು. "ಈ ಟೈಮರ್ ಕಿತ್ತುಹಾಕಿ. ಹತ್ತು ವರ್ಷ ಬಾಳತ್ತೆ ಅಂದಿದ್ರಲ್ಲ. ಹತ್ತು ವರ್ಷವೂ ಪಕ್ಕದಲ್ಲಿ ಕೂತು ಕಾಯ್ತೀರಾ?"

"ಈ ಎಂಜಿನ್ ಹೋದ್ರೆ ಇನ್ನೊಂದು ಹಾಕ್ತೀನಿ," ಅಂದ ಶೂಹೆ. ಮೊದಲ ಸಲ ಅವಳ ಮನೆತನದ ಹೆಸರು ಬಿಟ್ಟು ಅವಳ ಹೆಸರನ್ನೇ ಹಿಡಿದು ಕರೆದ. "ಚಿಗುಸಾ ಸಾನ್."

ಆ ಹೆಸರು ಅವನ ಬಾಯಲ್ಲಿ ಕೇಳಿ ಅವಳಿಗೆ ಮೈ ಜುಮ್ಮೆಂದಿತು. ಟೈಮರ್ ಬಿಚ್ಚುವಾಗ ಅಷ್ಟು ಪಳಗಿದ ಅವನ ಕೈಯಿಂದ ಸ್ಕ್ರೂ ಎರಡು ಸಲ ಕೆಳಗೆ ಬಿತ್ತು.

ಗ್ಯಾರೇಜಿನ ಬಾಗಿಲು ಎಳೆದು ಅವನು ಪಕ್ಕದಲ್ಲಿ ಬಂದು ಕೂತ. ಸಿಳ್ಳೆ ಹಾಕುತ್ತ ಕಾರು ಘಾಟಿ ಹತ್ತಿತು. ತುದಿಯ ತಿರುವಿನಲ್ಲಿ ನಿಲ್ಲಿಸಿ, ಈ ಸಲ ನಿಜವಾಗಿಯೂ ಬೇಕಾಗಿದ್ದ ಎರಡು ಮೂರು ನಿಮಿಷ ಕಾದರು. ಕೆಳಗೆ ಕೋಸಿನ ಹೊಲಗಳ ಮೇಲೆ ಬಿಸಿಲು ಹಳದಿಯಾಗುತ್ತಿತ್ತು. ಅವಳ ಕೈ ಅವನ ಕೈಯೊಳಗಿತ್ತು. ತೊಕುಜಿ ತಾತನ ಲಾರಿ ಹಾರ್ನ್ ಹೊಡೆದು ಅವರನ್ನು ದಾಟಿ ಹೋಯಿತು. ಹೋಗಲಿ ಬಿಡು ಅಂದುಕೊಂಡಳು ಚಿಗುಸಾ.

ಟರ್ಬೊ ಆಗಲೇ ತಣಿದಿತ್ತು. ಇಬ್ಬರಿಗೂ ಅದು ಗೊತ್ತಿತ್ತು. ಯಾರೂ ಕೀ ತಿರುಗಿಸಲಿಲ್ಲ.