ಪಂಕಜ ಕಟ್ಟಿದ ಗೂಡು

“ನೀನು ಬೇಡ ಕಣೇ. ಐದೇ ಜನ ಅಂತ ನಮ್ಮವ್ವ ಹೇಳೈತೆ. ಗಲಾಟೆ ಆದ್ರೆ ಹಕ್ಕಿ ಹೆದರ್ಕಂತೈತೆ.”

ತೀರ್ಥ ಬೆರಳು ಮಡಿಚಿ ಎಣಿಸಿದ್ದಳು. ಐದೂ ಬೆರಳು ಮುಗಿದಿದ್ದವು. ಪಂಕಜಳಿಗೆ ಒಂದೂ ಉಳಿದಿರಲಿಲ್ಲ.

ತೀರ್ಥಳ ಮನೆಯ ಹಿತ್ತಲಲ್ಲಿ, ಬಟ್ಟೆ ಒಣಗಿಸುವ ತಂತಿಗೆ ಒಂದು ಸೂರಕ್ಕಿ ಗೂಡು ಕಟ್ಟುತ್ತಿತ್ತು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಹಕ್ಕಿ. ಹಳದಿ ಹೊಟ್ಟೆ, ಬಾಗಿದ ಕೊಕ್ಕು. ಅವಳ ಅವ್ವ ಆ ತಂತಿಗೆ ಬಟ್ಟೆ ಹಾಕುವುದನ್ನೇ ಬಿಟ್ಟಿದ್ದರಂತೆ. ಒಂದು ವಾರದಿಂದ ಐದನೇ ಕ್ಲಾಸಿನಲ್ಲಿ ಅದೇ ಮಾತು. ಮೇಷ್ಟ್ರು ಕೂಡ ಲೆಕ್ಕ ನಿಲ್ಲಿಸಿ, “ಎಲ್ಲಿಗೆ ಬಂತಮ್ಮ ನಿಮ್ಮನೆ ಕಟ್ಟಡ?” ಅಂತ ತೀರ್ಥಳನ್ನು ಕೇಳುತ್ತಿದ್ದರು. ಪಂಕಜ ಲೆಕ್ಕದಲ್ಲಿ ಫಸ್ಟ್. ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

“ನಿಮ್ಮನೇದು ಯಾರಿಗೆ ಬೇಕು?” ಅಂದಳು ಪಂಕಜ. “ನಮ್ಮ ಹಿತ್ತಲಲ್ಲೂ ಐತೆ. ಪೂರ್ತಿ ಆಗಿರೋ ಗೂಡು. ಶನಿವಾರ ಸ್ಕೂಲ್ ಬಿಟ್ಮೇಲೆ ಎಲ್ರೂ ಬನ್ನಿ. ನಾನೇನ್ ಬೆರಳು ಎಣಿಸಲ್ಲ.”

ಹೇಳಿದ ಮೇಲೆ ಕಿವಿ ಬಿಸಿಯಾಯಿತು. ಅವಳ ಹಿತ್ತಲಲ್ಲಿ ಇದ್ದದ್ದು ಒಂದು ನುಗ್ಗೆ ಮರ, ಪಾತ್ರೆ ತೊಳೆಯುವ ಕಲ್ಲು, ನಾಲ್ಕು ಕಾಗೆ.

ಗುರುವಾರ ಸಂಜೆ, ಹಗ್ಗ ಹೊಸೆಯಲು ಅಜ್ಜಿ ಇಟ್ಟಿದ್ದ ತೆಂಗಿನ ನಾರಿನಲ್ಲಿ ಒಂದು ಹಿಡಿ ಎತ್ತಿಕೊಂಡಳು. ರಾಗಿ ಅಂಬಲಿಯಲ್ಲಿ ಅದ್ದಿ, ಮಾವಿನಕಾಯಿಯಷ್ಟು ದೊಡ್ಡ ಚೀಲ ಮಾಡಿದಳು. ಹೆಬ್ಬೆರಳು ತೂರಿಸಿ ಬಾಗಿಲು ಮಾಡಿದಳು. ಬೇಲಿಯಲ್ಲಿ ಒಣಗಿದ್ದ ಎಕ್ಕದ ಕಾಯಿ ಒಡೆದು, ಬಿಳಿ ಹತ್ತಿಯನ್ನು ಒಳಗೆ ತುಂಬಿದಳು. ನುಗ್ಗೆ ಕೊಂಬೆಗೆ ಕಟ್ಟಿ ದೂರ ನಿಂತು ನೋಡಿದರೆ ಥೇಟ್ ಗೂಡು.

“ಹಕ್ಕಿಗೂ ಬಾಡಿಗೆ ಮನೆ ಮಾಡ್ದೇನವ್ವಾ?” ಅಂತ ಅಜ್ಜಿ ನಕ್ಕರು.

ಶುಕ್ರವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಮರದಲ್ಲಿ ಚಿವ್ ಅಂತು. ಸೂರಕ್ಕಿ! ಅದು ಅವಳ ಗೂಡಿಗೇ ಜೋತುಬಿದ್ದು ಒಳಗೆ ತಲೆ ಹಾಕಿತು. ಪಂಕಜ ಹಲ್ಲುಜ್ಜುವುದನ್ನೇ ನಿಲ್ಲಿಸಿದಳು. ಇನ್ನು ತೀರ್ಥಳ ಜಂಬ ಮುಗಿಯಿತು.

ಹಕ್ಕಿ ಕೊಕ್ಕಿನ ತುಂಬ ಹತ್ತಿ ಎಳೆದುಕೊಂಡು ಹಾರಿತು. ಗೋಡೆ ದಾಟಿ, ಹುಲ್ಲಿನ ಮೆದೆ ದಾಟಿ, ನೇರ ತೀರ್ಥಳ ಹಿತ್ತಲಿಗೆ. ಮತ್ತೆ ಬಂತು, ಮತ್ತೆ ಒಯ್ದಿತು. ಬಾಯಿ ಮುಕ್ಕಳಿಸುವುದರೊಳಗೆ ಗೂಡಿನ ಒಂದು ಪಕ್ಕ ಜೋತುಬಿತ್ತು.

ನಮ್ಮನೆ ಹತ್ತಿಯೂ ಅವಳಿಗೇ! ಹೀಗೇ ಆದರೆ ನಾಳೆಗೆ ತೋರಿಸಲು ಏನೂ ಉಳಿಯುವುದಿಲ್ಲ.

ಸಂಜೆ ಸ್ಕೂಲಿನಿಂದ ಬಂದವಳೇ ಉದ್ದನೆಯ ಕೋಲು ಹಿಡಿದು ಮರದ ಕೆಳಗೆ ಕೂತಳು. ಬರಲಿ, ಓಡಿಸುತ್ತೇನೆ. ಹಕ್ಕಿ ಬರಲಿಲ್ಲ. ಕಾದು ಕಾದು ತೋಳು ನೋಯಿತು. ಕೋಲನ್ನು ನೆಟ್ಟಗೆ ನಿಲ್ಲಿಸಿಕೊಂಡು ಅಲ್ಲಾಡದೆ ಕೂತಳು.

ಆಗ ಬಂತು. ಬಂದು ಆ ಕೋಲಿನ ತುದಿಯಲ್ಲೇ ಕೂತಿತು.

ಕೈಗೆ ಭಾರವೇ ತಿಳಿಯಲಿಲ್ಲ. ಹಕ್ಕಿ ಕತ್ತು ಓರೆ ಮಾಡಿ ಅವಳನ್ನು ನೋಡಿತು. ಗೂಡಿಗೆ ಹಾರಿ ಹತ್ತಿ ಕಿತ್ತು ಹೋಯಿತು. ತಿರುಗಿ ಬಂದಾಗಲೂ ಮೊದಲು ಕೋಲಿನ ಮೇಲೇ ಕೂತಿತು. ಪಂಕಜ ಉಸಿರು ಬಿಗಿಹಿಡಿದಿದ್ದಳು. ಕೈ ಜೋಮು ಹಿಡಿದರೂ ಕೋಲು ಇಳಿಸಲಿಲ್ಲ.

ಶನಿವಾರ ಎಂಟು ಜನ ಬಂದರು. ತೀರ್ಥಳೂ ಬಂದಿದ್ದಳು. ಗೂಡಿನ ತೂತುಗಳಲ್ಲಿ ಆಕಾಶ ಕಾಣುತ್ತಿತ್ತು.

“ಇದು ಗೂಡಾ? ಪಾತ್ರೆ ಉಜ್ಜೋ ನಾರು!” ಅಂದಳು ಸಾವಿತ್ರಿ. ಎಲ್ಲರೂ ನಕ್ಕರು.

ಪಂಕಜ ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಕೂತಳು. “ನಾನೇ ಮಾಡಿದ್ದು. ಸುಳ್ಳು ಹೇಳ್ದೆ. ಆದ್ರೆ ಹಕ್ಕಿ ಬರೋದು ನಿಜ. ಸುಮ್ನೆ ಕೂತ್ರೆ ಬತ್ತೈತೆ.”

ಅವರಿಗೆ ಸುಮ್ಮನೆ ಕೂರಲು ಆಗಲಿಲ್ಲ. ನಗುತ್ತ ಒಬ್ಬೊಬ್ಬರೇ ಎದ್ದು ಹೋದರು. ತೀರ್ಥ ಮಾತ್ರ ಉಳಿದಳು. ಸ್ವಲ್ಪ ಹೊತ್ತಿಗೆ ಸೂರಕ್ಕಿ ಬಂದು ಹತ್ತಿ ಎಳೆಯಿತು.

“ಆ ಬಿಳೀದು ಎಲ್ಲಿಂದ ತತ್ತೈತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೇ,” ಅಂತ ತೀರ್ಥ ಪಿಸುಗುಟ್ಟಿದಳು. “ಗೂಡಿನೊಳಗೆಲ್ಲ ಹಾಸ್ಕಂಡೈತೆ. ಬಾ, ತೋರಿಸ್ತೀನಿ.”

ಅದು ನನ್ನ ಕೋಲಿನ ಮೇಲೆ ಕೂತಿತ್ತು ಅಂತ ಹೇಳಿದರೆ ತೀರ್ಥಳ ಮುಖ ಹೇಗಾಗುತ್ತದೆ ಎಂದು ಪಂಕಜಳಿಗೆ ಗೊತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಯಾಕೋ, ಹೇಳಬೇಕೆನಿಸಲಿಲ್ಲ.

“ಆಮೇಲೆ ಬತ್ತೀನಿ,” ಅಂದು ಪಕ್ಕಕ್ಕೆ ಸರಿದು ಕಲ್ಲಿನ ಮೇಲೆ ಜಾಗ ಬಿಟ್ಟಳು. “ಇನ್ನೊಂದ್ ಸಲ ಬತ್ತೈತೆ. ಕೂತ್ಕೋ.”